ಮಾಸ್ಕೋದ ಆ ವಾಸ್ತುಶಿಲ್ಪ ಶಾಲೆ ಈಗಲೂ ಇದೆಯೇ?

ಪ್ರಶ್ನೆ: ನಾನು ಮೈಸೂರಿನಲ್ಲಿ ಬಿ.ಆರ್ಕ್. ಮೂರನೇ ವರ್ಷ ಓದುತ್ತಿದ್ದೇನೆ. ಇತಿಹಾಸದ ಪಾಠದಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಬಗ್ಗೆ ನಾಲ್ಕು ತರಗತಿ ಆಯಿತು. ಮಾಸ್ಕೋದ ವ್ಖುತೆಮಾಸ್ ಅನ್ನುವ ಶಾಲೆಯ ಹೆಸರು ಮಾತ್ರ ಒಂದೇ ಸಾಲಿನಲ್ಲಿ ಬಂದು ಹೋಯಿತು. ಅದನ್ನು ‘ರಷ್ಯಾದ ಬೌಹೌಸ್’ ಅನ್ನುತ್ತಾರಲ್ಲ, ಅದು ಸರಿಯೇ? ಅಲ್ಲಿ ಏನನ್ನು, ಹೇಗೆ ಕಲಿಸುತ್ತಿದ್ದರು? ಆ ಶಾಲೆ ಈಗಲೂ ಇದೆಯೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಇದೆ. ವ್ಖುತೆಮಾಸ್ ಅನ್ನುವ ಹೆಸರು ಅಳಿದು ನೂರು ವರ್ಷವಾಗುತ್ತಾ ಬಂತು, ಆದರೆ ಅದರ ವಾಸ್ತುಶಿಲ್ಪ ವಿಭಾಗದ ವಂಶ ನಿಂತಿಲ್ಲ. ಈಗಿನ ಹೆಸರು ಮಾಸ್ಕೋ ವಾಸ್ತುಶಿಲ್ಪ ಸಂಸ್ಥೆ. ರಷ್ಯನ್ನರು ಚಿಕ್ಕದಾಗಿ ‘ಮಾರ್ಖಿ’ ಅನ್ನುತ್ತಾರೆ. ಊರಿನ ನಡುಮಧ್ಯೆ, ಕುಜ್ನೆಟ್ಸ್ಕಿ ಮೋಸ್ತ್ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದರೆ ಸಿಗುವ ರೊಜ್ದೆಸ್ಟ್ವೆಂಕಾ ಬೀದಿಯಲ್ಲಿ 11ನೇ ನಂಬರಿನ ಕಟ್ಟಡ ಅದು. ಮೊದಲು ವೊರೊಂತ್ಸೊವ್ ಮನೆತನದ ಬಂಗಲೆಯಾಗಿತ್ತು, ಆಮೇಲೆ ವೈದ್ಯಕೀಯ ಅಕಾಡೆಮಿಯಾಯಿತು, 19ನೇ ಶತಮಾನದ ಕೊನೆಯಲ್ಲಿ ಸ್ಟ್ರೋಗನೊವ್ ಶಾಲೆ ಬಂತು. ಸ್ಟ್ರೋಗನೊವ್ ಅಂದರೆ ಕೈಗಾರಿಕೆಗೆ ಬೇಕಾದ ಕಲೆಯನ್ನು ಕಲಿಸುತ್ತಿದ್ದ ಹೆಸರಾಂತ ಶಾಲೆ. ಕಟ್ಟಡದ ಮುಂಗೋಡೆಯಲ್ಲಿ ಇವತ್ತಿಗೂ ಕಾಣುವ ಬಣ್ಣದ ಪಿಂಗಾಣಿ ಕೆಲಸ ಅವರ ಕಾಲದ್ದು.

ಇನ್ನು ‘ರಷ್ಯಾದ ಬೌಹೌಸ್’ ಅನ್ನುವ ಮಾತು. ನನಗೆ ಅದು ಹಿಡಿಸುವುದಿಲ್ಲ. ಬೌಹೌಸ್ ಹುಟ್ಟಿದ್ದು 1919ರಲ್ಲಿ, ವ್ಖುತೆಮಾಸ್ 1920ರ ಡಿಸೆಂಬರಿನಲ್ಲಿ. ಒಂದನ್ನು ನೋಡಿ ಇನ್ನೊಂದು ಹುಟ್ಟಲಿಲ್ಲ. ಯುದ್ಧ ಮುಗಿದು, ರಾಜಪ್ರಭುತ್ವ ಉರುಳಿ, ಎಲ್ಲವನ್ನೂ ಹೊಸದಾಗಿ ಕಟ್ಟಬೇಕು ಅಂದುಕೊಂಡ ಎರಡು ದೇಶಗಳಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟಿದ ಶಾಲೆಗಳು ಅವು. ಗಾತ್ರದಲ್ಲಂತೂ ಹೋಲಿಕೆಯೇ ಇಲ್ಲ. ಬೌಹೌಸ್‌ನಲ್ಲಿ ಹದಿನಾಲ್ಕು ವರ್ಷದಲ್ಲಿ ಒಟ್ಟು ಓದಿದವರು ಸುಮಾರು 1,250 ಮಂದಿ. ವ್ಖುತೆಮಾಸ್‌ನಲ್ಲಿ ಒಂದೇ ಹೊತ್ತಿಗೆ 2,500ರಷ್ಟು ವಿದ್ಯಾರ್ಥಿಗಳು, ನೂರರಷ್ಟು ಅಧ್ಯಾಪಕರು ಇದ್ದರು. ಚಿತ್ರಕಲೆ, ಶಿಲ್ಪ, ವಾಸ್ತುಶಿಲ್ಪ, ಮುದ್ರಣ, ಬಟ್ಟೆ, ಪಿಂಗಾಣಿ, ಮರಗೆಲಸ, ಲೋಹದ ಕೆಲಸ ಹೀಗೆ ಎಂಟು ವಿಭಾಗಗಳು. ಎರಡೂ ಕಡೆ ಜನ ಓಡಾಡಿದ್ದು ನಿಜ. ಚಿತ್ರಕಾರ ಕಾಂಡಿನ್ಸ್ಕಿ ಮಾಸ್ಕೋದಲ್ಲಿ ಪಾಠ ಮಾಡಿ, ಅಲ್ಲಿಂದ ಹೊರಟು 1922ರಲ್ಲಿ ಬೌಹೌಸ್ ಸೇರಿದರು. ಬೌಹೌಸ್‌ನ ಎರಡನೇ ನಿರ್ದೇಶಕ ಹಾನೆಸ್ ಮೇಯರ್ 1930ರಲ್ಲಿ ಮಾಸ್ಕೋಗೆ ಬಂದು ಕಲಿಸಿದರು. ಆದರೆ ವಾಸ್ತುಶಿಲ್ಪ ಓದುವ ನಿಮಗೆ ಮುಖ್ಯವಾಗಬೇಕಾದ ಸಂಗತಿ ಬೇರೆ. ಬೌಹೌಸ್ ವಾಸ್ತುಶಿಲ್ಪಕ್ಕೆಂದೇ ವಿಭಾಗ ತೆರೆದದ್ದು 1927ರಲ್ಲಿ. ಮಾಸ್ಕೋದಲ್ಲಿ ಅದು ಮೊದಲ ದಿನದಿಂದ ಇತ್ತು, ಅದರ ಬೆನ್ನಿಗೆ 170 ವರ್ಷದ ಪಾಠವೂ ಇತ್ತು.

ಈ ಶಾಲೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಎರಡು ಕೈಗಳನ್ನು ನೋಡಬೇಕು ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಒಂದು ಕಾಗದದ ಮೇಲೆ ಮಸಿ ಬಳಿಯುವ ಕೈ, ಇನ್ನೊಂದು ಜೇಡಿಮಣ್ಣು ತಟ್ಟುವ ಕೈ. ಯಾವ ಸರ್ಕಾರ ಬಂದರೂ, ಯಾವ ಹೆಸರು ಬದಲಾದರೂ ಈ ಎರಡರಲ್ಲಿ ಒಂದು ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಸರಿಯುತ್ತದೆ. ಯಾವುದೂ ಪೂರ್ತಿ ಹೋದದ್ದಿಲ್ಲ.

ಮಸಿಯ ಕೈ ಹಳೆಯದು. 1749ರಲ್ಲಿ ಡ್ಮಿಟ್ರಿ ಉಖ್ತೋಮ್ಸ್ಕಿ ಎಂಬ ವಾಸ್ತುಶಿಲ್ಪಿ ಮಾಸ್ಕೋದಲ್ಲಿ ಹುಡುಗರನ್ನು ಸೇರಿಸಿಕೊಂಡು ಪಾಠ ಶುರು ಮಾಡಿದರು. ಮಾರ್ಖಿ ತನ್ನ ಮೂಲವನ್ನು ಇಲ್ಲಿಗೇ ಒಯ್ಯುತ್ತದೆ. ಪ್ರಾಚೀನ ರೋಮಿನ ವಿಟ್ರೂವಿಯಸ್, ಇಟಲಿಯ ಪಲ್ಲಾಡಿಯೊ, ವಿನ್ಯೋಲ ಎಂಬ ವಾಸ್ತುಶಿಲ್ಪಿಗಳ ಗ್ರಂಥಗಳನ್ನು ನೋಡಿ ಕಂಬದ ಪೀಠ, ಬೋದಿಗೆ, ತೊಲೆಗಳ ಅಳತೆ ಬರೆಯುವುದು, ಗುರುವಿನ ಜೊತೆ ಕೆಲಸದ ಜಾಗಕ್ಕೆ ಹೋಗಿ ಹಳೆಯ ಕಟ್ಟಡ ಅಳೆಯುವುದು, ಇದೇ ವಿದ್ಯೆ. ಅಲ್ಲಿಂದ ಬಂದವರಲ್ಲಿ ಇಬ್ಬರ ಹೆಸರು ನೆನಪಿಡಿ. ಒಬ್ಬ ವಸೀಲಿ ಬಜೇನೊವ್, ಇನ್ನೊಬ್ಬ ಮತ್ವೇಯ್ ಕಜಕೋವ್. ಕಜಕೋವ್ ಹನ್ನೆರಡರ ವಯಸ್ಸಿಗೆ ಶಾಲೆ ಸೇರಿದ ಹುಡುಗ, ಮುಂದೆ ಕ್ರೆಮ್ಲಿನ್ನಿನ ಸೆನೆಟ್ ಕಟ್ಟಡ ಕಟ್ಟಿದವನು. ಬಜೇನೊವ್ ಕ್ರೆಮ್ಲಿನ್ನಿಗೆಂದು ದೊಡ್ಡ ಅರಮನೆಯೊಂದನ್ನು ರೂಪಿಸಿದ. ಅರಮನೆ ಏಳಲಿಲ್ಲ, ಅದಕ್ಕಾಗಿ ಮಾಡಿದ ಮರದ ಬೃಹತ್ ಮಾಡೆಲ್ ಇಂದಿಗೂ ಮಾಸ್ಕೋದಲ್ಲಿ ಉಳಿದಿದೆ.

ಆ ಪರಂಪರೆಯ ಅರಮನೆ ವಾಸ್ತುಶಿಲ್ಪ ಶಾಲೆ 1865ರಲ್ಲಿ ಮಾಸ್ಕೋದ ಚಿತ್ರ ಮತ್ತು ಶಿಲ್ಪಶಾಲೆಯ ಜೊತೆ ಸೇರಿತು. ಮ್ಯಾಸ್ನಿಟ್ಸ್ಕಾಯಾ ಬೀದಿಯ ಮೂಲೆಯಲ್ಲಿ, ದುಂಡನೆಯ ಕಂಬಸಾಲಿನ ಯುಷ್ಕೊವ್ ಮನೆಯಲ್ಲಿ ಅದರ ವಾಸ. ಆ ಮನೆ ಬಜೇನೊವ್‌ನದೇ ಎಂದು ಹೇಳುತ್ತಾರೆ. ಕ್ರಾಂತಿಯ ನಂತರ 1918ರಲ್ಲಿ ಆ ಶಾಲೆಯನ್ನೂ ಸ್ಟ್ರೋಗನೊವ್ ಶಾಲೆಯನ್ನೂ ಮುಚ್ಚಿ ‘ಮುಕ್ತ ಸ್ಟುಡಿಯೊ’ಗಳಾಗಿ ಮಾಡಿದರು. ಪ್ರವೇಶ ಪರೀಕ್ಷೆ ಇಲ್ಲ, ಯಾರ ಬಳಿ ಕಲಿಯಬೇಕು ಅನ್ನುವುದನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳುತ್ತಿದ್ದರು. 1920ರಲ್ಲಿ ಎರಡನ್ನೂ ಬೆಸೆದಾಗ ಹುಟ್ಟಿದ್ದು ವ್ಖುತೆಮಾಸ್. ಆ ಹೆಸರು ‘ಉನ್ನತ ಕಲಾ-ತಾಂತ್ರಿಕ ಕಾರ್ಯಾಗಾರಗಳು’ ಅನ್ನುವುದರ ರಷ್ಯನ್ ಅಕ್ಷರಗಳನ್ನು ಕೂಡಿಸಿ ಮಾಡಿದ್ದು. ಲೆನಿನ್ ಸಹಿ ಇದ್ದ ಆದೇಶದ ಉದ್ದೇಶ ಕೈಗಾರಿಕೆಗೆ ಬೇಕಾದ ಕಲಾವಿದರನ್ನು ತಯಾರು ಮಾಡುವುದು.

ಆ ವರ್ಷದ ಚಳಿಗಾಲ ಹೇಗಿತ್ತು ಅನ್ನುವುದನ್ನು ಮನಸ್ಸಿಗೆ ತಂದುಕೊಳ್ಳಿ. ಅಂತರ್ಯುದ್ಧ ಇನ್ನೂ ಆರಿರಲಿಲ್ಲ, ಒಲೆಗೆ ಸೌದೆ ಇಲ್ಲ, ಊಟಕ್ಕೆ ಪಡಿತರ. ಮ್ಯಾಸ್ನಿಟ್ಸ್ಕಾಯಾ ಅಂಗಳದ ಹಾಸ್ಟೆಲ್ಲಿನಲ್ಲಿ ಹುಡುಗ ಹುಡುಗಿಯರು ಇದ್ದಬದ್ದದ್ದನ್ನೆಲ್ಲ ಒಟ್ಟಿಗೆ ಹಾಕಿ ಒಂದೇ ಅಡುಗೆ ಮಾಡಿಕೊಂಡು ಬಾಳುತ್ತಿದ್ದರು. 1921ರ ಫೆಬ್ರವರಿ 25ರ ರಾತ್ರಿ ಲೆನಿನ್ ಅಲ್ಲಿಗೇ ಬಂದರು. ಏನು ಓದುತ್ತೀರಿ, ಹಳೆಯ ಕವಿ ಪುಷ್ಕಿನ್‌ನನ್ನೋ ಎಂದು ಕೇಳಿದರು. ಅಯ್ಯೋ, ಅವನು ಬೂರ್ಜ್ವಾ, ನಾವು ಓದುವುದು ಹೊಸ ಕವಿ ಮಾಯಕೋವ್ಸ್ಕಿಯನ್ನು ಎಂದರಂತೆ ಹುಡುಗರು. ನನಗೇನೋ ಪುಷ್ಕಿನ್ನೇ ಮೇಲು ಅನಿಸುತ್ತದೆ ಎಂದು ಲೆನಿನ್ ಉತ್ತರ ಕೊಟ್ಟರು. ಅಲ್ಲಿದ್ದವರೇ ಮುಂದೆ ಬರೆದಿಟ್ಟ ನೆನಪು ಇದು. ದೇಶದ ಮುಖ್ಯಸ್ಥನ ಮುಖಕ್ಕೇ ಹಾಗೆ ಹೇಳುವ ಧೈರ್ಯ ಆ ಹುಡುಗರಿಗಿತ್ತು. ಅವರ ಡ್ರಾಯಿಂಗ್‌ಗಳಲ್ಲಿ ಕಾಣುವುದೂ ಅದೇ ಧೈರ್ಯ.

ಈಗ ಜೇಡಿಮಣ್ಣಿನ ಕೈಗೆ ಬರುತ್ತೇನೆ. ವಾಸ್ತುಶಿಲ್ಪ ವಿಭಾಗದೊಳಗೇ ಆಗ ಮೂರು ಬಣಗಳಿದ್ದವು. ಜೊಲ್ತೋವ್ಸ್ಕಿ ಮುಂತಾದ ಹಿರಿಯರದು ಹಳೆಯ ಶಾಸ್ತ್ರೀಯ ದಾರಿ. ಮೆಲ್ನಿಕೊವ್ ಮತ್ತು ಗೊಲೊಸೊವ್ ತಮ್ಮದೇ ಒಂದು ದಾರಿ ಹಿಡಿದಿದ್ದರು. ಮೂರನೆಯದು ನಿಕೊಲಾಯ್ ಲಡೋವ್ಸ್ಕಿ, ವ್ಲಾದಿಮಿರ್ ಕ್ರಿನ್ಸ್ಕಿ, ನಿಕೊಲಾಯ್ ಡೊಕುಚಾಯೆವ್ ಸೇರಿ ನಡೆಸಿದ ಸ್ಟುಡಿಯೊ. ವಾಸ್ತುಶಿಲ್ಪದ ಸಾಮಗ್ರಿ ಕಲ್ಲಲ್ಲ, ಸ್ಥಳ ಎಂದು ಲಡೋವ್ಸ್ಕಿ 1920ರಲ್ಲೇ ಹೇಳಿದ್ದರು. ‘ಸ್ಪೇಸ್’ ಅನ್ನುವ ಪದವನ್ನು ನಾವು ಜ್ಯೂರಿಯಲ್ಲಿ ದಿನಕ್ಕೆ ನೂರು ಸಲ ಹೇಳುತ್ತೇವಲ್ಲ, ಅದನ್ನು ಪಾಠವಾಗಿ ಮಾಡಿದವರಲ್ಲಿ ಅವರು ಮೊದಲಿಗರು.

ಪಾಠ ಹೀಗೆ ನಡೆಯುತ್ತಿತ್ತು. ಮೊದಲ ಕೆಲಸಕ್ಕೆ ಸೈಟು, ಕೋಣೆಗಳ ಪಟ್ಟಿ ಏನೂ ಇಲ್ಲ. ಒಂದು ಆಯತ ಘನ, ಅಷ್ಟೇ. ಅದನ್ನು ನೋಡುವವನು ಒಂದು ಮೂಲೆಯಿಂದ ನೋಡುತ್ತಾನೆ, ಅವನಿಗೆ ಎರಡು ಮುಖ ಕಾಣುತ್ತದೆ, ಉಳಿದದ್ದು ಕಾಣುವುದಿಲ್ಲ. ಕಂಡ ಎರಡು ಮುಖದಿಂದಲೇ ಇಡೀ ಘನದ ಆಕಾರ, ಅದರ ಎತ್ತರ-ಅಗಲದ ಪ್ರಮಾಣ ಅವನಿಗೆ ತಪ್ಪಿಲ್ಲದೆ ಹೊಳೆಯಬೇಕು. ಹಾಗೆ ಹೊಳೆಯುವಂತೆ ಮುಖಗಳನ್ನು ಸೀಳು, ಕೊರೆ, ಮುಂದೆ ತಳ್ಳು, ಒಳಗೆ ಸರಿಸು. ಮುಂದಿನ ಕೆಲಸ ತೂಕದ್ದು. ಒಂದು ರಾಶಿ ಭಾರವಾಗಿ ಕಾಣಬೇಕಾದರೆ ಏನು ಮಾಡಬೇಕು, ಅದೇ ರಾಶಿ ಹಗುರವಾಗಿ ಕಾಣಬೇಕಾದರೆ ಏನು ಮಾಡಬೇಕು? ಆಮೇಲೆ ಸಮತೋಲ, ಆಮೇಲೆ ಲಯ. ಒಂದೊಂದು ಅಮೂರ್ತ ಕೆಲಸ ಮುಗಿದ ಮೇಲೂ ಅದರದೇ ಪ್ರಶ್ನೆಯನ್ನು ಹೊತ್ತ ನಿಜವಾದ ಕಟ್ಟಡದ ಕೆಲಸ ಕೊಡುತ್ತಿದ್ದರು. ಇವೆಲ್ಲದಕ್ಕೂ ಕಟ್ಟುನಿಟ್ಟಾದ ಒಂದು ನಿಯಮ: ಮೊದಲು ಮಾಡೆಲ್, ಡ್ರಾಯಿಂಗ್ ಆಮೇಲೆ. ಹಳೆಯ ಶಾಲೆಯಲ್ಲಿ ಪ್ಲಾನ್ ಬರೆದು, ಎಲಿವೇಷನ್ ಎತ್ತಿ, ಕೊನೆಗೆ ಯಾರಾದರೂ ಕೇಳಿದರೆ ಮಾಡೆಲ್ ಮಾಡುತ್ತಿದ್ದರು. ಲಡೋವ್ಸ್ಕಿ ಅದನ್ನು ತಲೆಕೆಳಗು ಮಾಡಿದರು. ನೀವು ಮೊದಲ ಸೆಮಿಸ್ಟರಿನ ಬೇಸಿಕ್ ಡಿಸೈನ್ ತರಗತಿಯಲ್ಲಿ ರಟ್ಟು ಕತ್ತರಿಸಿ, ಅಂಟು ಕೈಗೆ ಮೆತ್ತಿಕೊಂಡು ಮಾಡಿದ ಘನಗಳನ್ನು ನೆನಪಿಸಿಕೊಳ್ಳಿ. ಅವಕ್ಕೆ ಬೌಹೌಸ್ ಒಂದೇ ತವರಲ್ಲ.

1922-23ರಲ್ಲಿ ಹೀಗೊಂದು ಕೆಲಸ ಕೊಟ್ಟರು: ಕಡಿದಾದ ಬಂಡೆಯ ಕೆಳಗೆ, ಸಮುದ್ರದ ಮೇಲೆ ಒಂದು ರೆಸ್ಟೋರೆಂಟ್ ಮತ್ತು ದೋಣಿ ತಂಗುವ ಕಟ್ಟೆ. ವಸೀಲಿ ಸಿಂಬಿರ್ಟ್ಸೆವ್ ಎಂಬ ವಿದ್ಯಾರ್ಥಿ ಬಂಡೆಯ ತುದಿಗೆ ಒಂದು ಚೌಕಟ್ಟನ್ನು ಸಿಕ್ಕಿಸಿ, ಇಡೀ ರೆಸ್ಟೋರೆಂಟನ್ನು ಕೆಳಗೆ ನೇತುಬಿಟ್ಟ. ನೂರು ವರ್ಷದ ಹಿಂದಿನ ಆ ಚಿತ್ರ ಇವತ್ತು ನೋಡಿದರೂ ಕಾಲಡಿ ನೆಲ ಸರಿದಂತಾಗುತ್ತದೆ. ಈ ಸಿಂಬಿರ್ಟ್ಸೆವ್‌ನನ್ನು ನೆನಪಿಟ್ಟುಕೊಳ್ಳಿ, ಇನ್ನೊಂದು ಸಲ ಬರುತ್ತಾನೆ.

1927ರಲ್ಲಿ ಲಡೋವ್ಸ್ಕಿ ಒಂದು ಪ್ರಯೋಗಶಾಲೆಯನ್ನೇ ತೆರೆದರು. ಕಪ್ಪು ಬಣ್ಣ ಬಳಿದ ಕೋಣೆ. ಅಲ್ಲಿ ಕಣ್ಣಿನ ಅಂದಾಜನ್ನು ಅಳೆಯುವ ಉಪಕರಣಗಳು: ಗೆರೆಯ ಉದ್ದಕ್ಕೆ ಒಂದು, ವಿಸ್ತೀರ್ಣಕ್ಕೆ ಒಂದು, ಕೋನಕ್ಕೆ ಒಂದು, ಗಾತ್ರಕ್ಕೆ ಒಂದು, ಆಳಕ್ಕೆ ಒಂದು. ವಿದ್ಯಾರ್ಥಿ ಕಣ್ಣಳತೆಯಲ್ಲಿ ಒಂದು ಗೆರೆಯನ್ನು ಭಾಗ ಮಾಡಿ ತೋರಿಸಿದರೆ ಅವನು ಎಷ್ಟು ತಪ್ಪಿದ ಎಂದು ಉಪಕರಣ ಹೇಳುತ್ತದೆ. ಸಂಗೀತಗಾರ ಕಿವಿಯನ್ನು ಶ್ರುತಿಗೆ ಸಾಧನೆ ಮಾಡುವ ಹಾಗೆ ವಾಸ್ತುಶಿಲ್ಪಿ ಕಣ್ಣನ್ನು ಸಾಧನೆ ಮಾಡಬೇಕು ಅನ್ನುವುದು ಅದರ ಹಿಂದಿನ ನಂಬಿಕೆ. ವಾಸ್ತುಶಿಲ್ಪಿಯಾಗುವ ಪ್ರತಿಭೆಯನ್ನೆಲ್ಲ ಉಪಕರಣದಿಂದ ಅಳೆಯಬಹುದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ಕಣ್ಣಿಗೂ ಅಭ್ಯಾಸ ಬೇಕು ಅನ್ನುವುದು ನೂರಕ್ಕೆ ನೂರು ಸತ್ಯ. ಹತ್ತು ಅಡಿ ಎಷ್ಟೆಂದು ನೋಡಿ ಹೇಳಲಾಗದ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ನಾನು ಪ್ರತಿ ವರ್ಷ ಕಾಣುತ್ತೇನೆ.

ಎಲ್ಲರೂ ಲಡೋವ್ಸ್ಕಿಯ ಹಿಂದೆ ಇರಲಿಲ್ಲ. ಅಲೆಕ್ಸಾಂಡರ್ ವೆಸ್ನಿನ್, ಮೊಯಿಸೆಯ್ ಗಿಂಜ್‌ಬುರ್ಗ್ ಮುಂತಾದ ಕನ್‌ಸ್ಟ್ರಕ್ಟಿವಿಸ್ಟರು, ನೋಡುವವನ ಕಣ್ಣಿಗಿಂತ ಕಟ್ಟಡದ ಕೆಲಸ, ಅದರ ರಚನೆ ಮೊದಲು ಎಂದು ವಾದಿಸಿದರು. ಜಗಳ ಜೋರಾಗಿಯೇ ಇತ್ತು, ಜಗಳದಿಂದ ಒಳ್ಳೆಯದೂ ಆಯಿತು. ವೆಸ್ನಿನ್ ಶಿಷ್ಯ ಇವಾನ್ ಲಿಯೊನಿಡೊವ್ 1927ರಲ್ಲಿ ಡಿಪ್ಲೊಮಾ ಕೆಲಸವಾಗಿ ಲೆನಿನ್ ಸಂಸ್ಥೆಯೊಂದನ್ನು ರೂಪಿಸಿದ. ಗಾಜಿನ ಒಂದು ದೊಡ್ಡ ಗೋಳ, ಪಕ್ಕದಲ್ಲಿ ಕಡ್ಡಿಯಂತೆ ಎದ್ದ ಪುಸ್ತಕಗಳ ಗೋಪುರ, ಎಳೆದು ಕಟ್ಟಿದ ತಂತಿಗಳು. ಮರುವರ್ಷ ಲಡೋವ್ಸ್ಕಿ ಶಿಷ್ಯ ಗಿಯೊರ್ಗಿ ಕ್ರುತಿಕೊವ್ ಆಕಾಶದಲ್ಲಿ ತೇಲುವ ನಗರವನ್ನೇ ಬರೆದು ತಂದ. ಜನ ವಾಸಿಸುವುದು ಮೇಲೆ, ನೆಲ ದುಡಿಮೆಗೆ ಮತ್ತು ವಿಶ್ರಾಂತಿಗೆ. 1929ರಲ್ಲಿ ಲಿಡಿಯಾ ಕೊಮರೋವಾ ಎಂಬ ವಿದ್ಯಾರ್ಥಿನಿ ಕಮ್ಯುನಿಸ್ಟ್ ಪಕ್ಷಗಳ ಅಂತರರಾಷ್ಟ್ರೀಯ ಸಂಘವಾದ ಕಾಮಿಂಟರ್ನ್‌ಗೆಂದು ವೃತ್ತಗಳನ್ನು ಒಂದರ ಮೇಲೊಂದು ಪೇರಿಸಿದ ಕಟ್ಟಡ ರೂಪಿಸಿದಳು. ಇವು ಯಾವುವೂ ಮೇಲೇಳಲಿಲ್ಲ. ಲಿಯೊನಿಡೊವ್ 1959ರಲ್ಲಿ ತೀರಿಕೊಂಡಾಗ ನೆಲದ ಮೇಲೆ ಅವನದೆಂದು ಉಳಿದದ್ದು ಕಿಸ್ಲೊವೊದ್ಸ್ಕ್‌ನ ಆರೋಗ್ಯಧಾಮವೊಂದರ ಮೆಟ್ಟಿಲುಸಾಲು ಮಾತ್ರ. ಅವನ ಡ್ರಾಯಿಂಗ್‌ಗಳನ್ನು ಮುಂದೆ ಡಚ್ ವಾಸ್ತುಶಿಲ್ಪಿ ರೆಮ್ ಕೂಲ್‌ಹಾಸ್‌ನಂಥವರು ಹುಡುಕಿಕೊಂಡು ಹೋಗಿ ಓದಿದರು.

1930ರಲ್ಲಿ ಶಾಲೆ ಒಡೆಯಿತು. ಅಷ್ಟು ಹೊತ್ತಿಗೆ ಅದರ ಹೆಸರು ವ್ಖುತೆಯಿನ್ ಎಂದಾಗಿತ್ತು. ಒಂದೊಂದು ವಿಭಾಗ ಒಂದೊಂದು ಕಡೆ ಹಂಚಿಹೋಯಿತು, ವಾಸ್ತುಶಿಲ್ಪದವರನ್ನು ಕಟ್ಟಡ ಎಂಜಿನಿಯರುಗಳ ಜೊತೆ ಸೇರಿಸಿದರು. 1933ರಲ್ಲಿ ಮತ್ತೆ ಬೇರೆಯಾಗಿ ಮಾಸ್ಕೋ ವಾಸ್ತುಶಿಲ್ಪ ಸಂಸ್ಥೆ ಆಯಿತು. ಅದು ‘ಸೋವಿಯತ್ ಅರಮನೆ’ ಎಂಬ ಬೃಹತ್ ಸರ್ಕಾರಿ ಕಟ್ಟಡಕ್ಕೆ ವಿನ್ಯಾಸ ಸ್ಪರ್ಧೆ ನಡೆದು ಶಾಸ್ತ್ರೀಯ ಶೈಲಿ ಗೆದ್ದ ಕಾಲ. ಅಧಿಕಾರಕ್ಕೆ ಕಂಬಗಳು ಬೇಕಾಗಿದ್ದವು, ಹಾಗಾಗಿ ಮಸಿಯ ಕೈ ಮೇಲೆ ಬಂತು. ಬಂಡೆಗೆ ರೆಸ್ಟೋರೆಂಟ್ ನೇತುಹಾಕಿದ ಸಿಂಬಿರ್ಟ್ಸೆವ್, ಕರೊ ಅಲಬ್ಯಾನ್ ಜೊತೆಗೂಡಿ ಕೆಂಪು ಸೇನೆಯ ರಂಗಮಂದಿರ ಕಟ್ಟಿದ. 1940ರಲ್ಲಿ ಮುಗಿದ ಆ ಕಟ್ಟಡದ ಪ್ಲಾನ್ ಐದು ಮೂಲೆಯ ನಕ್ಷತ್ರ, ಸುತ್ತಲೂ ಕಂಬಸಾಲು, ಕಂಬಗಳ ಅಡ್ಡಕೊಯ್ತವೂ ನಕ್ಷತ್ರವೇ. ಒಬ್ಬನೇ ಮನುಷ್ಯನ ಈ ಎರಡು ಕೆಲಸಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದರೆ ಜೇಡಿಮಣ್ಣಿನ ಕೈ ಆಗಲೂ ಹೋಗಲಿಲ್ಲ, ಅದು ಪಠ್ಯಪುಸ್ತಕದೊಳಗೆ ಸೇರಿಕೊಂಡಿತು. ಕ್ರಿನ್ಸ್ಕಿ, ಲಮ್ತ್ಸೊವ್, ತುರ್ಕುಸ್ ಮೂವರೂ ಸೇರಿ ವ್ಖುತೆಮಾಸ್ ಅಭ್ಯಾಸಗಳನ್ನು ಕ್ರಮಬದ್ಧವಾಗಿ ಬರೆದು 1934ರಲ್ಲಿ ಅಚ್ಚು ಹಾಕಿಸಿದರು. ಕಂಬಗಳ ಕಾಲದಲ್ಲೂ ಘನ, ತೂಕ, ಲಯದ ಪಾಠ ಹೀಗೆ ಉಳಿಯಿತು. ಮಾರ್ಖಿಯಲ್ಲಿ ಮೊದಲ ವರ್ಷದ ಮಕ್ಕಳಿಗೆ ಇವತ್ತೂ ಇದು ಪ್ರತ್ಯೇಕ ವಿಷಯ. ಮಣ್ಣಿನ ಬದಲು ಬಿಳಿ ಕಾಗದ ಬಂದಿದೆ, ಅಷ್ಟೇ.

ನಡುವಿನ ದಶಕಗಳನ್ನು ಬೇಗ ದಾಟುತ್ತೇನೆ. ಯುದ್ಧಕಾಲದಲ್ಲಿ ಸಂಸ್ಥೆ ತಾಷ್ಕೆಂಟ್‌ಗೆ ಹೋಗಿ ಬಂತು. 1955ರ ನವೆಂಬರಿನಲ್ಲಿ ಕಟ್ಟಡಗಳ ‘ಅತಿರೇಕ’ಗಳನ್ನು ತೆಗೆಯಬೇಕು ಎಂಬ ಸರ್ಕಾರಿ ಆದೇಶ ಬಂದು, ಬೋದಿಗೆ ಬರೆಯಲು ಕಲಿತಿದ್ದ ಹುಡುಗರು ರಾತ್ರೋರಾತ್ರಿ ಕಾಂಕ್ರೀಟ್ ಪ್ಯಾನೆಲ್‌ಗೆ ತಿರುಗಬೇಕಾಯಿತು. 1960ರಲ್ಲಿ ಅಲೆಕ್ಸೆಯ್ ಗುತ್ನೊವ್, ಇಲ್ಯಾ ಲೆಜಾವಾ ಮತ್ತು ಗೆಳೆಯರು ಹೊಸ ಬಗೆಯ ಊರಿನ ಕಲ್ಪನೆಯನ್ನು ಡಿಪ್ಲೊಮಾ ಕೆಲಸವಾಗಿ ಒಟ್ಟಿಗೆ ಮಾಡಿದರು. ಅದು 1968ರ ಮಿಲಾನ್ ತ್ರಿಯೆನ್ನಾಲೆ ಎಂಬ ವಿನ್ಯಾಸ ಪ್ರದರ್ಶನದವರೆಗೆ ಹೋಯಿತು. ಲೆಜಾವಾ ಮುಂದೆ ಅದೇ ಸಂಸ್ಥೆಯಲ್ಲಿ ಎಷ್ಟೋ ತಲೆಮಾರಿಗೆ ಪಾಠ ಮಾಡಿದರು. ಕಟ್ಟುವುದಕ್ಕೆ ಪ್ಯಾನೆಲ್ ಬಿಟ್ಟರೆ ಏನೂ ಇಲ್ಲದ 1980ರ ದಶಕದಲ್ಲಿ ಇಲ್ಲಿ ಕಲಿತ ಅಲೆಕ್ಸಾಂಡರ್ ಬ್ರೊಡ್ಸ್ಕಿ, ಇಲ್ಯಾ ಉತ್ಕಿನ್, ಯೂರಿ ಅವ್ವಕೂಮೊವ್ ಮುಂತಾದವರು ಜಪಾನಿನ ಐಡಿಯಾ ಸ್ಪರ್ಧೆಗಳಿಗೆ ಕಾಗದದ ಮೇಲಿನ ಕಟ್ಟಡಗಳನ್ನು ಕಳಿಸಿ ಬಹುಮಾನ ಗೆದ್ದರು. ‘ಕಾಗದದ ವಾಸ್ತುಶಿಲ್ಪ’ ಎಂದೇ ಅದಕ್ಕೆ ಹೆಸರು ಬಂತು. ಬ್ರೊಡ್ಸ್ಕಿ ಮತ್ತು ಉತ್ಕಿನ್ ಲೋಹದ ತಗಡಿನ ಮೇಲೆ ಗೀರಿ ತೆಗೆದ ಅಚ್ಚುಗಳಲ್ಲಿ ಆ ಮಸಿಯ ಕೈಯ ಪಳಗಿಕೆ ಎದ್ದು ಕಾಣುತ್ತದೆ.

ಓದು ಈಗ ಹೇಗೆ? ಪದವಿಗೆ ನಮ್ಮಂತೆಯೇ ಐದು ವರ್ಷ, ಸ್ನಾತಕೋತ್ತರಕ್ಕೆ ಎರಡು. ಮೊದಲ ಎರಡು ವರ್ಷ ಎಲ್ಲರಿಗೂ ಒಂದೇ ಪಾಠ. ಆಮೇಲೆ ವಸತಿ, ಸಾರ್ವಜನಿಕ ಕಟ್ಟಡ, ಕೈಗಾರಿಕೆ, ನಗರ ಯೋಜನೆ, ಹಳೆಯ ಕಟ್ಟಡಗಳ ಪುನರುದ್ಧಾರ ಹೀಗೆ ಬೇರೆಬೇರೆ ವಿಭಾಗಗಳಿಗೆ ಹೋಗುತ್ತಾರೆ. ಒಳಗೆ ಬರಬೇಕಾದರೆ ಪ್ಲಾಸ್ಟರಿನ ಗ್ರೀಕ್ ಅಥವಾ ರೋಮನ್ ತಲೆಯನ್ನು ಎದುರಿಗಿಟ್ಟುಕೊಂಡು ಪೆನ್ಸಿಲಿನಲ್ಲಿ ಬರೆಯುವ ಪರೀಕ್ಷೆ ಬಹಳ ಕಾಲದಿಂದ ಇದೆ. ಅದಕ್ಕೆಂದೇ ಮಕ್ಕಳು ವರ್ಷಗಟ್ಟಲೆ ತಯಾರಾಗುತ್ತಾರೆ. ಬೇಸಿಗೆಯಲ್ಲಿ ಟೇಪು ಹಿಡಿದು ಹಳೆಯ ಕಟ್ಟಡ ಅಳೆಯುವ ತರಬೇತಿ ಇದೆ, ಉಖ್ತೋಮ್ಸ್ಕಿಯ ಹುಡುಗರು ಮಾಡುತ್ತಿದ್ದ ಕೆಲಸವೇ ಅದು. ‘ಕ್ಲಾಉಜುರಾ’ ಅನ್ನುವ ಒಂದು ಪದ್ಧತಿಯೂ ಇದೆ. ಬೆಳಗ್ಗೆ ವಿಷಯ ಕೊಡುತ್ತಾರೆ, ಯಾರ ಸಹಾಯವೂ ಇಲ್ಲದೆ ಅಲ್ಲೇ ಕೂತು ಯೋಚನೆಯನ್ನು ಹಾಳೆಗೆ ಇಳಿಸಿ ಅದೇ ದಿನ ಒಪ್ಪಿಸಬೇಕು. ನಮ್ಮ ಟೈಮ್ ಪ್ರಾಬ್ಲಮ್‌ಗೆ ಅಕ್ಕನಂತೆ. ಸಬ್ಮಿಷನ್ ಹಿಂದಿನ ದಿನ ನಿದ್ದೆಗೆಡುವುದು ಅಲ್ಲೂ ಇದೆ.

ಮಸಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ಹೇಳಬೇಕು, ಏಕೆಂದರೆ ಇದನ್ನು ನಾವು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದೇವೆ. ರಷ್ಯನ್ನಿನಲ್ಲಿ ‘ಒತ್ಮೀವ್ಕಾ’ ಅನ್ನುತ್ತಾರೆ. ದಪ್ಪ ಕಾಗದವನ್ನು ನೀರಿನಲ್ಲಿ ನೆನೆಸಿ, ಮರದ ಚೌಕಟ್ಟಿಗೆ ಅಂಚು ಅಂಟಿಸಿ ಬಿಡುತ್ತಾರೆ. ಒಣಗಿದಾಗ ತಮಟೆಯ ಚರ್ಮದಂತೆ ಬಿಗಿಯುತ್ತದೆ. ಅದರ ಮೇಲೆ ತೆಳು ಗೆರೆಯಲ್ಲಿ ಒಂದು ಕಂಬದ ತಲೆ. ಮಸಿಯನ್ನು ನೀರಿಗೆ ಬೆರೆಸಿ ಎಷ್ಟು ತಿಳಿ ಮಾಡುತ್ತಾರೆಂದರೆ, ಮೊದಲ ಸಲ ಬಳಿದದ್ದು ಕಣ್ಣಿಗೆ ಕಾಣುವುದೇ ಇಲ್ಲ. ಹಲಗೆಯನ್ನು ತುಸು ಓರೆಯಾಗಿಸಿ, ಕುಂಚದ ತುದಿಯಲ್ಲಿ ಒಂದು ತುಂಬು ಹನಿಯನ್ನು ಮೇಲಿನಿಂದ ಕೆಳಕ್ಕೆ ಒಡೆಯದಂತೆ ಕರೆದುಕೊಂಡು ಬರಬೇಕು. ಒಣಗಲು ಬಿಡಬೇಕು, ಮತ್ತೆ ಬಳಿಯಬೇಕು. ಬೆಳಕು ಎಡಗಡೆ ಮೇಲಿನಿಂದ 45 ಡಿಗ್ರಿಯಲ್ಲಿ ಬೀಳುತ್ತದೆ ಎಂದು ಲೆಕ್ಕ. ಹತ್ತಾರು ಪದರ ಆದ ಮೇಲೆ ಚಪ್ಪಟೆ ಕಾಗದದಲ್ಲಿ ಕಂಬ ದುಂಡಗಾಗಿ ತಿರುಗುತ್ತದೆ. ಆತುರಪಟ್ಟು ಹಸಿಯ ಮೇಲೆ ಬಳಿದರೆ ಕಲೆ ನಿಂತುಬಿಡುತ್ತದೆ. ಅನೇಕ ದಿನಗಳ ಈ ಕೆಲಸ ಮಾಡಿದ ವಿದ್ಯಾರ್ಥಿಗೆ ಒಂದು ಅಂಚಿನ ಮೇಲೆ ನೆರಳು ಎಲ್ಲಿ ಗಾಢ, ಎಲ್ಲಿ ಪ್ರತಿಫಲನದಿಂದ ತಿಳಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಂಪ್ಯೂಟರ್ ರೆಂಡರ್ ಅದನ್ನು ಎರಡು ನಿಮಿಷದಲ್ಲಿ ತೋರಿಸಬಹುದು, ಕೈಗೆ ಕಲಿಸಲಾರದು.

ನೀವು ಈ ಶಾಲೆಯ ಬಗ್ಗೆ ಇನ್ನೂ ಓದಬೇಕೆಂದಿದ್ದರೆ ಸೆಲಿಮ್ ಖಾನ್-ಮಗೊಮೆದೊವ್ ಎಂಬ ಇತಿಹಾಸಕಾರರ ಕೆಲಸದಿಂದ ಶುರು ಮಾಡಿ. ವ್ಖುತೆಮಾಸ್ ಹೆಸರೆತ್ತುವವರೇ ಇಲ್ಲದ ಕಾಲದಲ್ಲಿ ಅವರು ವಯಸ್ಸಾದ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಮಾತಾಡಿಸಿ, ಅವರ ಮನೆಗಳಲ್ಲಿದ್ದ ಫೋಟೊ, ಹಾಳೆಗಳನ್ನು ಕೂಡಿಹಾಕಿದರು. ಮಣ್ಣಿನ, ಕಾಗದದ ಮಾಡೆಲ್‌ಗಳು ಬಹುಪಾಲು ಹಾಳಾಗಿಹೋಗಿವೆ, ನಾವು ನೋಡುತ್ತಿರುವುದು ಅವುಗಳ ಫೋಟೊಗಳನ್ನು.

ಮುಂದೆಂದಾದರೂ ಮಾಸ್ಕೋಗೆ ಹೋದರೆ ರೊಜ್ದೆಸ್ಟ್ವೆಂಕಾ ನೋಡಿಕೊಂಡು ಕ್ರಾಸ್ನಿಯೆ ವೊರೋತಾ ಮೆಟ್ರೊ ನಿಲ್ದಾಣಕ್ಕೂ ಹೋಗಿ. ಆ ಹೆಸರಿನ ಅರ್ಥ ‘ಕೆಂಪು ಬಾಗಿಲು’. 1749ರ ಶಾಲೆಯ ಉಖ್ತೋಮ್ಸ್ಕಿ ಕಲ್ಲಿನಲ್ಲಿ ಕಟ್ಟಿದ ವಿಜಯದ ಬಾಗಿಲು ಅಲ್ಲಿ ನಿಂತಿತ್ತು, 1927ರಲ್ಲಿ ಕೆಡವಿದರು. 1935ರಲ್ಲಿ ಮೊದಲ ಮೆಟ್ರೊ ಮಾರ್ಗ ತೆರೆದಾಗ ಆ ನಿಲ್ದಾಣದ ಪ್ರವೇಶದ್ವಾರವನ್ನು ಮಾಡಿದವರು ಲಡೋವ್ಸ್ಕಿ. ಒಂದರೊಳಗೊಂದು ಒಳಕ್ಕೆ ಸರಿಯುತ್ತಾ ಹೋಗುವ ಅರ್ಧವೃತ್ತದ ಕಮಾನುಗಳು, ದೊಡ್ಡ ಶಂಖದ ಬಾಯಿಯಂತೆ. ಬೀದಿಯಲ್ಲಿ ನಿಂತು ನೋಡಿದರೆ ಕಾಣುವುದು ಮುಂಭಾಗ ಮಾತ್ರ, ಆದರೆ ನೆಲದಡಿ ಇಳಿಯುವ ಸುರಂಗದ ಆಳ ಪೂರ್ತಿ ಹೊಳೆಯುತ್ತದೆ.